ನಗರದ ಪ್ರಾಥಮಿಕ ಶಾಲೆ: ಧ್ಯೇಯ, ಸೌಕರ್ಯ, ತರಗತಿಯ ಏರ್ಪಾಟು

1856ರ ಜೂನ್ ತಿಂಗಳಲ್ಲಿ, ಧಾರವಾಡದ ಸರ್ಕಾರಿ ಶಾಲೆಗೆ ಸೇರಬಯಸಿದ ಒಬ್ಬ ಮಹಾರ್ ಬಾಲಕನಿಗೆ ಪ್ರವೇಶ ದೊರೆಯದ ಪ್ರಕರಣ ಸರ್ಕಾರದ ಮುಂದೆ ಬಂದಿತು. ಧಾರವಾಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಬಾಲಕನ ಅರ್ಜಿಯನ್ನು ಮುಂಬಯಿ ಸರ್ಕಾರ ವಿಚಾರಿಸಬೇಕಾಯಿತು. ನ್ಯಾಯವು ಅರ್ಜಿದಾರನ ಪಕ್ಷದಲ್ಲಿದೆಯೆಂಬುದನ್ನು ಸರ್ಕಾರ ಒಪ್ಪಿಕೊಂಡಿತು. ಆದರೆ ಒಬ್ಬಿಬ್ಬರಿಗಾಗಿ ಬಹುಕಾಲದ ಪೂರ್ವಗ್ರಹಗಳನ್ನು ಕೆಣಕಿದರೆ ವಿದ್ಯಾಪ್ರಸಾರಕ್ಕೇ ಹಾನಿಯಾದೀತೆಂದು ಹೇಳಿ ಸುಮ್ಮನಾಯಿತು. ಸರ್ಕಾರಿ ಶಾಲೆಗಳು ಎಲ್ಲ ವರ್ಗದ ಪ್ರಜೆಗಳಿಗೂ ತೆರೆದಿರತಕ್ಕವೆಂಬ ತತ್ತ್ವವನ್ನು 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿ ಎತ್ತಿಹಿಡಿಯಿತು.

ಇದಾದ ಸುಮಾರು ನಾಲ್ಕು ದಶಕಗಳ ಅನಂತರ, ಅದೇ ಪ್ರಾಂತದ ಸಾತಾರಾದಲ್ಲಿ ಬಾಲಕ ಭೀಮರಾವ್ ಅಂಬೇಡ್ಕರರಿಗೆ ಶಾಲೆಯ ಬಾಗಿಲು ತೆರೆದಿತ್ತು. ಹೆಸರೂ ಹಾಜರಿ ಪುಸ್ತಕದಲ್ಲಿತ್ತು. ಆದರೆ ಅವರು ಕುಳಿತುಕೊಳ್ಳಬೇಕಾದದ್ದು ಸಹಪಾಠಿಗಳ ಸಾಲಿನಲ್ಲಲ್ಲ, ಮೂಲೆಯಲ್ಲಿ, ಮನೆಯಿಂದ ತಂದು ಮನೆಗೇ ಒಯ್ಯಬೇಕಾಗಿದ್ದ ಗೋಣಿತಟ್ಟಿನ ಮೇಲೆ. ನಲ್ಲಿಯನ್ನು ತಾವೇ ಮುಟ್ಟುವಂತಿರಲಿಲ್ಲ. ಶಾಲೆಯ ಜವಾನ ಬಂದು ನೀರು ಬಿಟ್ಟರೆ ಕುಡಿಯುವುದು, ಅವನಿಲ್ಲದಿದ್ದರೆ ಬಾಯಾರಿಕೊಂಡೇ ಇರುವುದು. ಈ ಸಂಗತಿಗಳನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ.

ಧಾರವಾಡದ ಬಾಲಕ ಉಳಿದದ್ದು ಬಾಗಿಲಿನ ಹೊರಗೆ. ಸಾತಾರಾದ ಬಾಲಕ ಉಳಿದದ್ದು ಸಾಲಿನ ಹೊರಗೆ. ಇವೆರಡಕ್ಕೂ ಇಂದು ಕಾನೂನಿನ ಉತ್ತರವಿದೆ. ಆದರೆ ಹೊರಗುಳಿಯುವುದಕ್ಕೆ ಮೂರನೆಯ ಒಂದು ಬಗೆಯೂ ಉಂಟು. ಕೆಲವು ಕಾಲದ ಹಿಂದೆ ನಾನೂ ಗೆಳೆಯರೊಬ್ಬರೂ ಮುಂಬಯಿಯ ಒಂದು ಕನ್ನಡ ಶಾಲೆಗೆ ಪುಸ್ತಕಗಳನ್ನು ಕೊಡಲು ಹೋಗಿದ್ದೆವು. ಕಟ್ಟಡ ಕೆಲಸಕ್ಕೆಂದು ಕಲಬುರಗಿಯ ಕಡೆಯಿಂದ ಬಂದ ಕುಟುಂಬದ ಹುಡುಗಿಯೊಬ್ಬಳು ನಾಲ್ಕನೆಯ ತರಗತಿಯಲ್ಲಿದ್ದಳು. ಪಾಠವನ್ನು ಓದೆಂದಾಗ ಸಾಲುಗಳ ಮೇಲೆ ಬೆರಳಿಟ್ಟು, ತಡವರಿಸದೆ, ಸೊಗಸಾಗಿ ಹೇಳಿದಳು. ಆಕೆಯ ಬೆರಳು ಇದ್ದದ್ದು ಬೇರೆಯೇ ಪುಟದ ಮೇಲೆ. ಪಾಠವನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು, ಅಕ್ಷರ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿತ್ತು, ಸಾಲಿನಲ್ಲಿ ಸ್ಥಳವಿತ್ತು. ಪಾಠದೊಳಗೆ ಮಾತ್ರ ಆಕೆ ಇರಲಿಲ್ಲ.

ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಶಾಲೆ ಎಂಬ ಮಾತು ಈಗ ಬಹಳ ಬಳಕೆಯಲ್ಲಿದೆ. ‘ಸಮನ್ವಯ ಶಿಕ್ಷಣ’ವೆಂಬ ಹೆಸರೂ ಅದಕ್ಕೆ ಬಂದಿದೆ. ಅಂತಹ ಶಾಲೆಯ ಧ್ಯೇಯಗಳೇನು, ಅದಕ್ಕೆ ಬೇಕಾದ ಸೌಕರ್ಯಗಳೇನು, ತರಗತಿಯನ್ನು ಹೇಗೆ ಏರ್ಪಡಿಸಬೇಕು ಎಂಬುದನ್ನು ಮುಂಬಯಿಯಂತಹ ನಗರವನ್ನು ಕಣ್ಣೆದುರಿಗಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ. ಧ್ಯೇಯವೂ ಸೌಕರ್ಯವೂ ಅವಶ್ಯಕವೇ ಆದರೂ, ಮಗು ಒಳಗಿದೆಯೋ ಹೊರಗಿದೆಯೋ ಎಂಬುದು ಕೊನೆಗೆ ನಿರ್ಧಾರವಾಗುವುದು ತರಗತಿಯ ಏರ್ಪಾಟಿನಲ್ಲಿ ಎಂಬುದು ನನ್ನ ನಂಬಿಕೆ.

1. ಧ್ಯೇಯಗಳು

ಧ್ಯೇಯಗಳನ್ನು ನಾವು ಹೊಸದಾಗಿ ಹುಡುಕಬೇಕಾಗಿಲ್ಲ. 2002ರ ಸಂವಿಧಾನ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಆಚರಣೆಗೆ ತರುವ ಶಿಕ್ಷಣ ಹಕ್ಕಿನ ಕಾಯಿದೆ 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಈ ಕಾಯಿದೆಯನ್ನು ನಮ್ಮಲ್ಲಿ ಅನೇಕರು ಖಾಸಗಿ ಶಾಲೆಗಳ 25 ಶೇಕಡಾ ಸ್ಥಾನಗಳ ನಿಯಮದಿಂದ ಮಾತ್ರ ಬಲ್ಲರು. ಆ ನಿಯಮ ದೊಡ್ಡದೇ ಸರಿ. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಅದನ್ನು ಸಡಿಲಿಸಹೊರಟಾಗ, ಮುಂಬಯಿ ಉಚ್ಚ ನ್ಯಾಯಾಲಯ ಅದೇ ವರ್ಷದ ಜುಲೈಯಲ್ಲಿ ಆ ತಿದ್ದುಪಡಿಯನ್ನು ರದ್ದುಪಡಿಸಿತು. ಆದರೆ ವಲಸೆ ಬಂದ ಕುಟುಂಬಗಳಿಗೆ ಅದಕ್ಕಿಂತಲೂ ಉಪಯುಕ್ತವಾದ ವಿಧಿಗಳು ಈ ಕಾಯಿದೆಯಲ್ಲಿವೆ.

ವಯಸ್ಸಿನ ದಾಖಲೆ ಇಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಹಿಂದಿನ ಶಾಲೆಯ ವರ್ಗಾವಣೆ ಪತ್ರ ಬರಲು ತಡವಾಯಿತೆಂದು ತಡೆಯುವಂತಿಲ್ಲ. ವರ್ಷದ ನಡುವೆ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕು. ಶಾಲೆಯನ್ನೇ ಕಾಣದ ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಉಳಿದವರ ಸಮಕ್ಕೆ ಬರುವಂತೆ ವಿಶೇಷ ತರಬೇತಿ ಕೊಡಬೇಕು. ಹೊಡೆಯುವುದು, ಮನಸ್ಸಿಗೆ ನೋವಾಗುವಂತೆ ನಡೆದುಕೊಳ್ಳುವುದು ನಿಷಿದ್ಧ. ಪ್ರವೇಶಕ್ಕೆ ಮುಂಚೆ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷೆಗೆ ಗುರಿಮಾಡುವುದೂ ನಿಷಿದ್ಧ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಅಂತಹ ಮಕ್ಕಳೂ ಇತರರೂ ಒಟ್ಟಿಗೆ ಕಲಿಯುವ ವ್ಯವಸ್ಥೆಯನ್ನೇ ಸಮನ್ವಯ ಶಿಕ್ಷಣವೆಂದು ಕರೆಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕಲಿಸುವ ಕ್ರಮವು ಆ ಮಕ್ಕಳಿಗೆ ಹೊಂದುವಂತೆ ಬದಲಾಗಬೇಕೆಂದು ಕಾಯಿದೆ ಹೇಳುತ್ತದೆ. ಅಂದರೆ, ಮಗು ಶಾಲೆಗೆ ಹೊಂದಿಕೊಳ್ಳಬೇಕೆಂಬ ಹಳೆಯ ಭಾವನೆಗೆ ಬದಲಾಗಿ, ಶಾಲೆಯೇ ಮಗುವಿಗೆ ಹೊಂದಿಕೊಳ್ಳಬೇಕೆಂಬ ಭಾವನೆ ಬಂದಿದೆ. ಎಲ್ಲ ಧ್ಯೇಯಗಳ ಸಾರವೂ ಇದೇ. ಜಾತಿ, ಬಡತನ, ಭಾಷೆ, ವಲಸೆ, ಅಂಗವೈಕಲ್ಯ ಇವು ಬೇರೆ ಬೇರೆ ಸಮಸ್ಯೆಗಳಾಗಿ ಕಂಡರೂ ಶಾಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮಗುವಿಗಾಗಿ ನಾವು ಏನನ್ನು ಬದಲಾಯಿಸಿದೆವು?

2. ಸೌಕರ್ಯಗಳು

ಧ್ಯೇಯವು ಗೋಡೆಯ ಮೇಲಿನ ಬರಹವಾಗಿ ಉಳಿಯಬಾರದೆಂದರೆ ಅದು ಕಟ್ಟಡದಲ್ಲಿ, ನಲ್ಲಿಯಲ್ಲಿ, ಶೌಚಗೃಹದಲ್ಲಿ ಕಾಣಬೇಕು. ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿ ಕನಿಷ್ಠ ಸೌಕರ್ಯಗಳನ್ನು ಎಣಿಸುತ್ತದೆ: ಪ್ರತಿಯೊಬ್ಬ ಉಪಾಧ್ಯಾಯರಿಗೂ ಒಂದು ಕೊಠಡಿ, ಅಡೆತಡೆಯಿಲ್ಲದ ಪ್ರವೇಶ, ಬಾಲಕ ಬಾಲಕಿಯರಿಗೆ ಪ್ರತ್ಯೇಕ ಶೌಚಗೃಹ, ಶುದ್ಧವಾದ ಕುಡಿಯುವ ನೀರು, ಶಾಲೆಯಲ್ಲೇ ಊಟ ಬೇಯಿಸುವುದಾದರೆ ಅಡಿಗೆಮನೆ, ಆಟದ ಬಯಲು, ಆವರಣದ ಗೋಡೆ, ಕತೆಪುಸ್ತಕಗಳೂ ವೃತ್ತಪತ್ರಿಕೆಗಳೂ ಇರುವ ಗ್ರಂಥಾಲಯ.

ಮುಂಬಯಿಯ ಪರಿಸ್ಥಿತಿ ತುಸು ವಿಶೇಷವಾದುದು. ಇಲ್ಲಿಯ ಮಹಾನಗರಪಾಲಿಕೆ ಕನ್ನಡವೂ ಸೇರಿದಂತೆ ಎಂಟು ಭಾಷೆಗಳ ಮಾಧ್ಯಮದಲ್ಲಿ ಶಾಲೆಗಳನ್ನು ನಡೆಸುತ್ತದೆ. ನೆಲ ದುಬಾರಿಯಾದ್ದರಿಂದ ಒಂದೇ ಕಟ್ಟಡದಲ್ಲಿ ಎರಡು ಮೂರು ಮಾಧ್ಯಮಗಳ ಶಾಲೆಗಳಿರುವುದೂ, ಪಾಳಿಯ ಮೇಲೆ ಕೊಠಡಿಗಳನ್ನು ಹಂಚಿಕೊಳ್ಳುವುದೂ ಸಾಮಾನ್ಯ. ಮರಾಠಿ, ಹಿಂದಿ, ಉರ್ದು, ಕನ್ನಡ ಮಕ್ಕಳು ಒಂದೇ ಮೆಟ್ಟಿಲನ್ನು ಹತ್ತಿ ಒಂದೇ ಅಂಗಳದಲ್ಲಿ ಆಡುವುದು ಈ ನಗರದ ಭಾಗ್ಯವೇ ಸರಿ. ಆದರೆ ತೊಡಕು ಇರುವುದು ಆ ಮೆಟ್ಟಿಲಿನಲ್ಲೇ.

ಗಾಲಿಕುರ್ಚಿಗೆ ಬೇಕಾದ ಇಳಿಜಾರು ದಾರಿ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದವಿರಬೇಕೆಂಬುದು ಅಂಗೀಕೃತವಾದ ಅಳತೆ. 15 ಸೆಂಟಿಮೀಟರಿನ ಮೂರು ಮೆಟ್ಟಿಲುಗಳಿರುವ ಜಗಲಿಯನ್ನು ಏರಲು, ಅಂದರೆ 45 ಸೆಂಟಿಮೀಟರ್ ಎತ್ತರಕ್ಕೆ, 5.4 ಮೀಟರ್ ಉದ್ದದ ಇಳಿಜಾರು ಸಾಕು. ಯಾವ ಶಾಲೆಯ ಅಂಗಳದಲ್ಲೂ ಇದನ್ನು ಕಟ್ಟಬಹುದು. ಆದರೆ 3.3 ಮೀಟರ್ ಎತ್ತರದ ಒಂದು ಮಹಡಿಯನ್ನು ಏರಲು ಸುಮಾರು 40 ಮೀಟರ್ ಬೇಕು. ನಡುನಡುವೆ ತಂಗುಸ್ಥಳಗಳೂ ಬೇಕು. ಇಕ್ಕಟ್ಟಾದ ನಗರದಲ್ಲಿ ಇದು ಬಹುತೇಕ ಅಸಾಧ್ಯ. ಎರಡನೆಯ ಮಹಡಿಯಲ್ಲಿರುವ ತರಗತಿಗೆ ನಡೆಯಲಾಗದ ಮಗುವನ್ನು ತಾಯಿ ದಿನವೂ ಎತ್ತಿಕೊಂಡು ಹೋಗಬೇಕಾಗುತ್ತದೆ. ಮಗು ಬೆಳೆದು ಭಾರವಾದಂತೆ ಶಾಲೆ ನಿಲ್ಲುತ್ತದೆ. ಇದಕ್ಕೆ ಖರ್ಚಿಲ್ಲದ ಪರಿಹಾರವೊಂದಿದೆ: ಆ ಮಗು ಇರುವ ತರಗತಿಯನ್ನೇ ನೆಲ ಅಂತಸ್ತಿಗೆ ತರುವುದು. ಇದಕ್ಕೆ ಬೇರೆ ಬೇರೆ ಮಾಧ್ಯಮಗಳ ಮುಖ್ಯೋಪಾಧ್ಯಾಯರು ಒಂದೆಡೆ ಕುಳಿತು ಕೊಠಡಿಗಳನ್ನು ಅದಲುಬದಲು ಮಾಡಿಕೊಂಡರೆ ಸಾಕು.

ಹಾಗೆಯೇ ಕಿವಿ ಮಂದವಾದ ಮಗುವಿಗೆ ಉಪಾಧ್ಯಾಯರ ಮುಖ ಕಾಣಬೇಕು. ಉಪಾಧ್ಯಾಯರು ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಕತ್ತಲಾಗಿ ತುಟಿಯ ಚಲನೆ ತಿಳಿಯದು. ಬೆಳಕು ಅವರ ಮುಖದ ಮೇಲೆ ಬೀಳುವಂತೆ ನಿಂತರೆ ಅರ್ಧ ಕೆಲಸವಾಯಿತು. ಕುರುಡು ಮಗುವಿನ ವಿಷಯದಲ್ಲಂತೂ ನಗರಕ್ಕೆ ಒಂದು ಅನುಕೂಲವಿದೆ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಪದ್ಧತಿಯಲ್ಲಿ ಕನ್ನಡದ ಕಕಾರಕ್ಕೂ ಮರಾಠಿಯ ಕಕಾರಕ್ಕೂ ಒಂದೇ ಚುಕ್ಕೆಗಳು. ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವ ನಮ್ಮ ಲಿಪಿಗಳು ಬೆರಳಿಗೆ ಬಹುಮಟ್ಟಿಗೆ ಒಂದೇ. ಆದುದರಿಂದ ಬ್ರೈಲ್ ಬಲ್ಲ ಒಬ್ಬ ಉಪಾಧ್ಯಾಯರು ಒಂದೇ ಕಟ್ಟಡದ ಕನ್ನಡ, ಮರಾಠಿ, ಹಿಂದಿ ತರಗತಿಗಳಿಗೆಲ್ಲ ಅಕ್ಷರಾಭ್ಯಾಸದಲ್ಲಿ ನೆರವಾಗಬಲ್ಲರು. 2022ರ ನಿಯಮದಂತೆ ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು. ಮಕ್ಕಳು ಕಡಿಮೆಯಿರುವೆಡೆ ಒಬ್ಬರೇ ಹಲವು ಶಾಲೆಗಳಿಗೆ ಸರದಿಯಂತೆ ಹೋಗುವ ಪದ್ಧತಿಯೂ ಉಂಟು.

ಇನ್ನು ಮಧ್ಯಾಹ್ನದ ಊಟ. ಪ್ರಾಥಮಿಕ ಹಂತದ ಮಗುವಿಗೆ 450 ಕ್ಯಾಲೊರಿ ಶಕ್ತಿ, 12 ಗ್ರಾಂ ಪ್ರೋಟೀನು ದೊರೆಯಬೇಕೆಂಬುದು ಅದರ ಗೊತ್ತುಪಡಿಸಿದ ಪ್ರಮಾಣ. ಆದರೆ ಸಾತಾರಾದ ನಲ್ಲಿಯನ್ನು ನೆನೆದವರಿಗೆ ಒಂದೇ ಪಂಕ್ತಿಯ ಊಟದ ಬೆಲೆ ಕ್ಯಾಲೊರಿಗಳಲ್ಲಿ ಮುಗಿಯುವುದಿಲ್ಲವೆಂದು ತಿಳಿದೀತು. ಯಾರು ಎಲ್ಲಿ ಕೂರುತ್ತಾರೆ, ಯಾರು ಬಡಿಸುತ್ತಾರೆ, ನೀರಿನ ಲೋಟವನ್ನು ಯಾರು ಮುಟ್ಟುತ್ತಾರೆ ಎಂಬುದನ್ನು ನೋಡಿದರೆ ಶಾಲೆಯ ಧ್ಯೇಯವೇನೆಂದು ಕೇಳಬೇಕಾಗಿಲ್ಲ.

3. ತರಗತಿಯ ಏರ್ಪಾಟು

ಲೆಕ್ಕಪತ್ರಗಳ ನಡುವೆ ದಿನ ಕಳೆಯುವವನಾದ್ದರಿಂದ ಈ ಭಾಗವನ್ನು ಲೆಕ್ಕದಿಂದಲೇ ಆರಂಭಿಸುತ್ತೇನೆ. ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ಒಟ್ಟು 60 ಮಕ್ಕಳವರೆಗೂ ಇಬ್ಬರು ಉಪಾಧ್ಯಾಯರು. ವರ್ಷಕ್ಕೆ 200 ದಿನ, 800 ಗಂಟೆ. ಎಂದರೆ ದಿನಕ್ಕೆ 4 ಗಂಟೆ ಅಥವಾ 240 ನಿಮಿಷ. ಇಬ್ಬರು ಉಪಾಧ್ಯಾಯರಿಗೆ ಐದು ತರಗತಿಗಳಿದ್ದರೆ ಒಬ್ಬರಿಗೆ ಮೂರು ತರಗತಿಗಳಾದರೂ ಬರುವುದು ಅನಿವಾರ್ಯ. ಅವರು ಮೂರನ್ನೂ ಬೇರೆ ಬೇರೆಯಾಗಿ ಕಲಿಸಹೊರಟರೆ ಒಂದೊಂದಕ್ಕೆ ಸಿಕ್ಕುವುದು 80 ನಿಮಿಷ. ಉಳಿದ 160 ನಿಮಿಷ ಮಕ್ಕಳು ಕಾಯುತ್ತಾರೆ. ಒಂದು ವರ್ಷದಲ್ಲಿ ಇದು 533 ಗಂಟೆಗಳಷ್ಟಾಗುತ್ತದೆ. ಕಾಗದದ ಮೇಲೆ 800 ಗಂಟೆಗಳ ಶಾಲೆ. ಮಗುವಿನ ಪಾಲಿಗೆ ಅದರ ಮೂರರಲ್ಲಿ ಒಂದು ಭಾಗ. ಮನೆಯಲ್ಲಿ ಓದಿಸುವವರಿರುವ ಮಗು ಆ ನಷ್ಟವನ್ನು ತುಂಬಿಕೊಳ್ಳುತ್ತದೆ. ಉಳಿದದ್ದು ಬಾಯಿಪಾಠವನ್ನು ಆಶ್ರಯಿಸುತ್ತದೆ.

ಹಾಗಾದರೆ ಚಿಕ್ಕ ಶಾಲೆಗಳನ್ನು ಮುಚ್ಚಿ ದೊಡ್ಡ ಶಾಲೆಗೆ ಸೇರಿಸಬಾರದೆ ಎಂದು ಕೇಳುವವರುಂಟು. ಆದರೆ ದೊಡ್ಡ ತರಗತಿಯಲ್ಲಿಯೂ ಲೆಕ್ಕ ಬಹಳ ಸುಧಾರಿಸುವುದಿಲ್ಲ. 40 ಮಕ್ಕಳಿಗೆ ಒಬ್ಬರೇ ಉಪಾಧ್ಯಾಯರಿದ್ದರೆ, 240 ನಿಮಿಷಗಳಲ್ಲಿ ಒಂದು ಮಗುವಿನ ಪಾಲಿಗೆ ಬರುವುದು 6 ನಿಮಿಷ. ಅವರು ನಡುವಿನ ಮಟ್ಟದ ಮಗುವನ್ನು ಉದ್ದೇಶಿಸಿ ಪಾಠ ಹೇಳುತ್ತಾರೆ. ಹಿಂದುಳಿದವನಿಗೆ ಅದು ಎಟುಕುವುದಿಲ್ಲ, ಮುಂದಿರುವವನಿಗೆ ಅದು ಸಾಲುವುದಿಲ್ಲ. ದೋಷವಿರುವುದು ಸಂಖ್ಯೆಯಲ್ಲಿ ಮಾತ್ರವಲ್ಲ, ಎಲ್ಲರೂ ಒಂದೇ ದಿನ ಒಂದೇ ಪಾಠದಲ್ಲಿರಬೇಕೆಂಬ ಕಲ್ಪನೆಯಲ್ಲಿಯೂ ಇದೆ.

ಈ ಕಲ್ಪನೆಯನ್ನು ಬಿಟ್ಟು ಹೊಸದಾರಿ ಹಿಡಿದ ಪ್ರಯೋಗವೊಂದು ನಮ್ಮ ಭಾಷೆಯಲ್ಲಿಯೇ ನಡೆದಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ, ಯುನಿಸೆಫಿನ ನೆರವಿನಿಂದ, ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿ ಬಂದ ಉಪಾಧ್ಯಾಯರು ಆರಂಭಿಸಿದ ‘ನಲಿ ಕಲಿ’ 2009-10ರ ವೇಳೆಗೆ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರರವರೆಗಿನ ಮಕ್ಕಳು ಒಂದೇ ಕೊಠಡಿಯಲ್ಲಿ ಕಲಿಯುತ್ತಾರೆ. ಕಲಿಯಬೇಕಾದುದನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು ಗೋಡೆಯ ಮೇಲೆ ‘ಕಲಿಕಾ ಏಣಿ’ಯಾಗಿ ಬರೆದಿರುತ್ತದೆ. ಮೆಟ್ಟಿಲಿಗೊಂದು ಕಾರ್ಡು, ಕಾರ್ಡಿಗೊಂದು ಚಿತ್ರಚಿಹ್ನೆ. ಓದಲು ಬಾರದ ಮಗುವೂ ಚಿಹ್ನೆಯನ್ನು ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳಬಲ್ಲದು.

ಕುಳಿತುಕೊಳ್ಳುವ ಕ್ರಮ ಇನ್ನೂ ಮುಖ್ಯವಾದುದು. ಮಕ್ಕಳು ಐದು ಗುಂಪುಗಳಾಗಿ ಕೂರುತ್ತಾರೆ. ಇವುಗಳಿಗೆ ‘ತಟ್ಟೆ’ಗಳೆಂದು ಹೆಸರು. ಮೊದಲನೆಯದರಲ್ಲಿ ಉಪಾಧ್ಯಾಯರ ಪೂರ್ಣ ಸಹಾಯ. ಎರಡನೆಯದರಲ್ಲಿ ಅವರ ಭಾಗಶಃ ಸಹಾಯ. ಮೂರನೆಯದರಲ್ಲಿ ಗೆಳೆಯರ ಸಹಾಯ. ನಾಲ್ಕನೆಯದರಲ್ಲಿ ಗೆಳೆಯರ ಭಾಗಶಃ ಸಹಾಯ. ಐದನೆಯದರಲ್ಲಿ ಸ್ವಂತ ಕಲಿಕೆ. ಯಾವ ಮಗು ಎಲ್ಲಿ ಕೂರಬೇಕೆಂಬುದನ್ನು ನಿರ್ಣಯಿಸುವುದು ತರಗತಿಯಲ್ಲ, ವಯಸ್ಸಲ್ಲ, ಮನೆತನವಂತೂ ಅಲ್ಲ. ಈ ಹೊತ್ತಿಗೆ ಮಗು ಇರುವ ಮೆಟ್ಟಿಲು. ಒಂದೇ ಮಗು ಬೆಳಿಗ್ಗೆ ಮೊದಲನೆಯ ತಟ್ಟೆಯಲ್ಲಿದ್ದು ಮತ್ತೊಂದು ವಿಷಯಕ್ಕೆ ನಾಲ್ಕನೆಯದರಲ್ಲಿರಬಹುದು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ ಬಳಿದಿರುತ್ತದೆ; ತಲೆಯ ಮೇಲೆ ಕಟ್ಟಿದ ದಾರಗಳಿಗೆ ಮಕ್ಕಳು ಬರೆದ ಚಿತ್ರಗಳನ್ನು ತೂಗುಹಾಕುತ್ತಾರೆ.

ಈ ಏರ್ಪಾಟಿನ ಪ್ರಯೋಜನ ಎರಡು. ಮೊದಲನೆಯದಾಗಿ, ಕಾಯುವ 160 ನಿಮಿಷಗಳು ಕೆಲಸದ ನಿಮಿಷಗಳಾಗುತ್ತವೆ. ಎರಡನೆಯದಾಗಿ, ನಮ್ಮ ನಗರಗಳಿಗೆ ಮುಖ್ಯವಾದುದೆಂದರೆ, ಸುಗ್ಗಿಗೆ ಊರಿಗೆ ಹೋಗಿ ತಿಂಗಳ ಮೇಲೆ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಸಾಮಾನ್ಯ ತರಗತಿಯಲ್ಲಾದರೋ ಪಾಠ ಮುಂದೆ ಹೋಗಿರುತ್ತದೆ. ಮಗುವಿನದು ಬಾಯಿಪಾಠದ ಬಾಳೇ.

ಕುಂದುಗಳೂ ಇಲ್ಲದಿಲ್ಲ. ‘ಸ್ವಂತ ಕಲಿಕೆ’ ಎಂಬುದು ಗಮನವಿಲ್ಲದಿದ್ದರೆ ಕಾಯುವ ಬೆಂಚಿನ ಹೊಸ ಹೆಸರಾದೀತು. ಒಂದು ಮಗು ಒಂದೇ ಮೆಟ್ಟಿಲಿನಲ್ಲಿ ವಾರಗಟ್ಟಲೆ ನಿಂತಿದ್ದರೆ ಅದನ್ನು ಕಂಡುಹಿಡಿಯಬೇಕಾದವರು ಉಪಾಧ್ಯಾಯರೇ ಹೊರತು ಕಾರ್ಡಲ್ಲ. ಚಿತ್ರದ ಕಾರ್ಡು ಕುರುಡು ಮಗುವಿಗೆ ನಿರುಪಯೋಗಿ. ಅದಕ್ಕೆ ಉಬ್ಬು ಗೆರೆಯ ಕಾರ್ಡಾಗಲಿ ಜೊತೆಗಾರನ ಮಾತಾಗಲಿ ಬೇಕು. ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಇದೇ ತತ್ತ್ವವನ್ನು ಬೇರೆ ರೀತಿಯಲ್ಲಿ ಅನ್ವಯಿಸಬಹುದು: ತರಕಾರಿ ಮಾರುಕಟ್ಟೆಯಂತಹ ಒಂದೇ ವಿಷಯವನ್ನು ತೆಗೆದುಕೊಂಡು, ಒಬ್ಬರು ಹೆಸರುಗಳನ್ನು ಓದುವುದು, ಇನ್ನೊಬ್ಬರು ಬೆಲೆಗಳನ್ನು ಕೂಡುವುದು, ಮತ್ತೊಬ್ಬರು ಮಾರುವವರನ್ನು ಮಾತನಾಡಿಸಿ ಬರೆಯುವುದು. ವಿಷಯ ಎಲ್ಲರದೂ, ಕೆಲಸ ಅವರವರದು.

4. ಭಾಷೆಯ ಪ್ರಶ್ನೆ

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣವೂ ಒಳಗೊಳ್ಳುವಿಕೆಯ ಒಂದು ಅಂಗವೇ. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣಮಂತ್ರಿಗಳ ಸಮ್ಮೇಳನ, ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯ ಉಪಾಧ್ಯಾಯರನ್ನು ಒದಗಿಸಬೇಕೆಂದು ತೀರ್ಮಾನಿಸಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಇದೇ ಭಾವನೆಯನ್ನು ರಾಜ್ಯಗಳ ಮುಂದಿಟ್ಟಿತು. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚುಮಾಡುತ್ತದೆ. 2020ರ ಕಾಯಿದೆಯಂತೆ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿಯ ಕಲಿಕೆ ಕಡ್ಡಾಯ. ನೆಲದ ಭಾಷೆಯನ್ನು ಕಲಿಯುವುದು ನಮ್ಮ ಮಕ್ಕಳಿಗೆ ಹಿತವೇ.

ಆದರೆ ಕನ್ನಡ ತರಗತಿಯೊಳಗೂ ಭಾಷೆಗಳುಂಟೆಂಬುದನ್ನು ಮರೆಯಬಾರದು. ಅಲ್ಲಿರುವ ಮಗುವಿನ ಮನೆಮಾತು ತುಳುವಾಗಿರಬಹುದು, ಲಂಬಾಣಿಯಾಗಿರಬಹುದು, ಪುಸ್ತಕದ ಕನ್ನಡಕ್ಕೆ ದೂರವಾದ ಕಲಬುರಗಿಯ ಕನ್ನಡವಾಗಿರಬಹುದು. ‘ಅವ್ವ ಹೋಗ್ಯಾಳ’ ಎಂದ ಮಗುವನ್ನು ತಪ್ಪೆಂದು ತಿದ್ದಿದರೆ ಅದು ನಾಳೆ ಬಾಯಿ ತೆರೆಯುವುದಿಲ್ಲ. ಮೊದಲು ಮಗುವಿನ ಮಾತನ್ನು ಸ್ವೀಕರಿಸಿ, ಅದರ ಪಕ್ಕದಲ್ಲಿ ಪುಸ್ತಕದ ಮಾತನ್ನಿಡುವುದು ಉಚಿತವಾದ ಕ್ರಮ.

5. ನಮ್ಮ ಪಾಲು

ಹೊರನಾಡ ಕನ್ನಡಿಗರಾದ ನಾವು ಕನ್ನಡ ಶಾಲೆಗಳು ಬಡವಾಗುತ್ತಿರುವುದನ್ನು ಸಭೆಗಳಲ್ಲಿ ಎತ್ತಿ ಆಡುತ್ತೇವೆ. ನಮ್ಮ ಮಕ್ಕಳು ಬಹುಪಾಲು ಆಂಗ್ಲಮಾಧ್ಯಮದವರು. ನನ್ನವರೂ ಅದಕ್ಕೆ ಹೊರತಲ್ಲ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆ ಶಾಲೆಗಳಲ್ಲಿ ಈಗ ಕಲಿಯುವವರು ಹೆಚ್ಚಾಗಿ ನಮ್ಮ ನಂತರ ಈ ನಗರಕ್ಕೆ ಬಂದ, ನಮಗಿಂತ ಬಡವರಾದ ಕನ್ನಡಿಗರ ಮಕ್ಕಳು. ಸಂಖ್ಯೆ ಕುಗ್ಗಿದ ತರಗತಿಯನ್ನು ಸೋಲೆಂದು ಕಾಣುವ ಬದಲು, ಒಬ್ಬೊಬ್ಬ ಮಗುವನ್ನೂ ಹೆಸರು ಹಿಡಿದು ಬಲ್ಲ ಶಾಲೆಯನ್ನು ಕಟ್ಟಲು ದೊರೆತ ಅವಕಾಶವೆಂದು ಕಾಣಬಹುದು. ಮುಚ್ಚಿದ ತರಗತಿಯ ಮಕ್ಕಳಲ್ಲಿ ನಗರದಲ್ಲೇ ಹುಟ್ಟಿದವರು ಬೇರೆ ಮಾಧ್ಯಮಕ್ಕೆ ಹೋದಾರು; ನಿನ್ನೆ ಮೊನ್ನೆ ಬಂದವರು ಕೆಲಸದ ಬಯಲಿಗೇ ಹಿಂದಿರುಗುವ ಭಯವಿದೆ.

ಕಾಯಿದೆ ಹೇಳುವ ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಸ್ತ್ರೀಯರಿರಬೇಕು. ಆದರೆ ದಿನಗೂಲಿಯ ತಾಯಿ ಕೆಲಸದ ದಿನ ಸಭೆಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ. ಸಭೆಯನ್ನು ರಜಾದಿನಕ್ಕೆ ಗೊತ್ತುಮಾಡುವಂತೆ ಕೇಳುವುದು, ಪತ್ರಗಳನ್ನು ಓದಿ ಹೇಳುವುದು, ಪ್ರವೇಶದ ನಿಯಮಗಳನ್ನು ಕೆಲಸದ ಬಯಲಿನಲ್ಲಿ ತಿಳಿಸುವುದು, ವಾರಕ್ಕೆರಡು ದಿನ ಹೋಗಿ ಮೂರನೆಯ ತಟ್ಟೆಯ ಮಕ್ಕಳೊಡನೆ ಕುಳಿತು ಓದಿಸುವುದು ಇವು ನಮ್ಮಂತಹ ಸಂಘಗಳಿಗೆ ಸಾಧ್ಯವಾದ ಕೆಲಸಗಳು.

ಆ ದಿನ ನಾವು ಹುಡುಗಿಗೆ ಕೊಟ್ಟದ್ದು ನಾಲ್ಕನೆಯ ತರಗತಿಯವರಿಗೆಂದು ಆರಿಸಿದ ಕತೆಪುಸ್ತಕ. ಆಕೆ ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡಳು. ನಮ್ಮ ವರದಿಯಲ್ಲಿ ಹಂಚಿದ ಪುಸ್ತಕಗಳ ಸಂಖ್ಯೆ ಸರಿಯಾಗಿಯೇ ನಮೂದಾಯಿತು. ಮುಂದಿನ ವರ್ಷದ ವರದಿಯಲ್ಲಿ ಆ ಅಂಕಣದ ಪಕ್ಕದಲ್ಲಿ ಇನ್ನೊಂದು ಅಂಕಣವನ್ನು ಎಳೆಯಬೇಕೆಂದು ನನ್ನ ಸೂಚನೆ: ಹಂಚಿದ ಪುಸ್ತಕಗಳೆಷ್ಟು ಎಂಬುದರ ಎದುರಿಗೆ, ಅವನ್ನು ಓದಬಲ್ಲವರೆಷ್ಟು ಎಂಬುದು. ಎರಡು ಅಂಕಿಗಳ ನಡುವಣ ಅಂತರವೇ ನಾವು ಇನ್ನೂ ಮಾಡಬೇಕಾದ ಕೆಲಸ.